ಅಳಿಯನಂಚು

ನಾನು ಸೈಕಲ್ ರಿಪೇರಿಯವನು. ಗಾಳಿ ತುಂಬುವುದೇ ಕಸುಬಾದ್ದರಿಂದ ನನ್ನ ಮಾತಿನಲ್ಲೂ ಗಾಳಿಯೇ ಹೆಚ್ಚು ಎಂದು ಬೀದಿಯವರು ಹೇಳುತ್ತಾರೆ. ಹೇಳಲಿ. ಆದರೆ ಈಗ ಹೇಳುವುದರಲ್ಲಿ ಒಂದು ಪಂಪಿನಷ್ಟು ಗಾಳಿಯೂ ಇಲ್ಲ. ಸುಳ್ಳಾದರೆ ನನ್ನ ಎರಡೂ ಕಾಲು ಈ ಜೌಗಿನಲ್ಲಿ ಹೂತುಹೋಗಲಿ. ಹೋದ ವಾರ ಒಂದು ಕಾಲು ಹೂತದ್ದು ನಿಜ, ಚಪ್ಪಲಿ ಇನ್ನೂ ಒಳಗೇ ಇದೆ. ಅದು ಬೇರೆ ಕಾರಣಕ್ಕೆ. ನೀವು ಇಲ್ಲಿ ಹಿತ್ತಿಲ ಮೆಟ್ಟಿಲ ಮೇಲೆ ಕೂತುಕೊಳ್ಳಿ. ಹೂವು ನೋಡಲು ಬಂದಿದ್ದೀರಿ, ನೋಡುವಿರಂತೆ. ಮಂಜು ಸರಿಯುವವರೆಗೆ ನಿಮ್ಮ ಮೂಗೇ ನಿಮಗೆ ಕಾಣುವುದಿಲ್ಲ. ಅಷ್ಟರಲ್ಲಿ ನಾನು ಹೇಳಿ ಮುಗಿಸುತ್ತೇನೆ.

ನಮ್ಮ ಬೀದಿಯ ಮನೆಗಳಿಗೆಲ್ಲ ಮುಂದೆ ರಸ್ತೆ, ಹಿಂದೆ ಜೌಗು. ಜೌಗು ಎಂದರೆ ಅದು ಕೆರೆಯೂ ಅಲ್ಲ, ನೆಲವೂ ಅಲ್ಲ. ಎರಡರಲ್ಲಿ ಏನಾಗಬೇಕೆಂದು ಯೋಚಿಸುತ್ತ ಹಾಗೇ ನಿದ್ದೆ ಹೋದ ಜಾಗ. ಮೇಲೆ ಪಾಚಿಯ ಹಾಸಿಗೆ, ಕೆಳಗೆ ಕಡು ಚಹಾದ ಬಣ್ಣದ ನೀರು. ಬೆಳಗಾದರೆ ಅದರಿಂದ ಮಂಜು ಎದ್ದು ಬಂದು, ಮನೆಗಳ ಹಿತ್ತಿಲ ಬಾಗಿಲನ್ನು ಒಂದೊಂದಾಗಿ ಮುಟ್ಟಿ ನೋಡಿ, ಯಾರೂ ತೆಗೆಯದಿದ್ದರೆ ತಾನೇ ವಾಪಸು ಹೋಗುತ್ತದೆ. ನಾವು ಯಾರೂ ಆ ಕಡೆ ತಲೆ ಹಾಕಿದವರಲ್ಲ. ಒಡೆದ ಬಕೆಟ್ಟು ಎಸೆಯಲು ಮಾತ್ರ ಬಾಗಿಲು ತೆಗೆಯುತ್ತಿದ್ದೆವು.

ಪಕ್ಕದ ಮನೆಯ ಯಜಮಾನರು ಲಾರಿ ತೂಗುವ ಕಟ್ಟೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸರಕು ತುಂಬಿದ ಲಾರಿಯನ್ನು ದೂರದಿಂದ ನೋಡಿಯೇ ತೂಕ ಹೇಳುತ್ತಿದ್ದರಂತೆ. ಕೆಲಸ ಬಿಟ್ಟ ಮೇಲೆ ಲಾರಿ ಸಿಗದೆ ಮನುಷ್ಯರನ್ನು ತೂಗತೊಡಗಿದರು. ಬೀದಿಗೆಲ್ಲ ಅವರು ತೂಕದ ಮಾವ. ನಾನು ನಮಸ್ಕಾರ ಎಂದರೆ, ಸ್ವಲ್ಪ ಇಳಿದಿದ್ದೀಯಲ್ಲ, ವ್ಯಾಪಾರ ಡಲ್ಲಾ ಎಂದು ಕೇಳುತ್ತಿದ್ದರು. ಅವರ ಮಗಳು ತಾನು ಮೆಚ್ಚಿದ ಹುಡುಗನನ್ನು ಮನೆಗೆ ಕರೆತಂದ ದಿನ, ಮಾವ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಇದರಲ್ಲಿ ಸರಕು ಕಡಿಮೆ, ಗೋಣಿಚೀಲದ ತೂಕವೇ ಜಾಸ್ತಿ ಎಂದು ತೀರ್ಪು ಕೊಟ್ಟರು. ಮಗಳು ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕಿಟಕಿಯ ಹಿಂದೆ ಕೂರುವವಳು. ಎಷ್ಟು ದೊಡ್ಡ ಗೋಳಿಗೂ ಚಿಕ್ಕ ಉತ್ತರ ಕೊಟ್ಟು ಅಭ್ಯಾಸ. ನನಗೆ ಗೋಣಿಚೀಲವೇ ಸಾಕು ಎಂದಳು. ಹಾಗೆ ಅವನು ಆ ಮನೆಗೆ ಅಳಿಯನಾಗಿ ಬಂದ. ಬಂದವನು ಅಲ್ಲೇ ಉಳಿದ.

ಅಳಿಯ ಬೋರ್ಡ್ ಬರೆಯುವವನು. ಅಕ್ಷರ ಮುತ್ತಿನ ಹಾಗೆ. ಯಾವ ಮುತ್ತು ಎಲ್ಲಿ ಪೋಣಿಸಬೇಕು ಎಂಬುದು ಮಾತ್ರ ಅವನಿಗೆ ನೆನಪಿರುತ್ತಿರಲಿಲ್ಲ. ಬರೆಯುತ್ತ ಬರೆಯುತ್ತ ಕುಂಚ ಒಂದು ಕಡೆ, ಅವನು ಒಂದು ಕಡೆ. ಹಲ್ಲಿನ ಆಸ್ಪತ್ರೆಗೆ ‘ಹಲ್ಲಿಯ ಆಸ್ಪತ್ರೆ’ ಎಂದು ಬರೆದುಕೊಟ್ಟ. ಡಾಕ್ಟರು ಅದನ್ನು ನೋಡಿ ಇಳಿಸುವಷ್ಟರಲ್ಲಿ ಒಬ್ಬ ಅಜ್ಜಿ ಬಾಲ ಕಳೆದುಕೊಂಡ ಹಲ್ಲಿಯನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಬಂದು ಸರತಿಯಲ್ಲಿ ಕೂತಾಗಿತ್ತು. ‘ಮನೆ ಬಾಡಿಗೆಗೆ ಇದೆ’ ಎನ್ನುವ ಕಡೆ ‘ಮನೆ ಬಡಿಗೆಗೆ ಇದೆ’ ಎಂದು ಬರೆದ. ಬಡಿಗೆ ತಿನ್ನಲು ಯಾರು ಮುಂಗಡ ಕೊಡುತ್ತಾರೆ, ಆ ಮನೆ ಇವತ್ತಿಗೂ ಖಾಲಿ. ಹೀಗೆ ವಾಪಸು ಬಂದ ತಗಡುಗಳೆಲ್ಲ ಮನೆಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿ ನಿಂತಿದ್ದವು. ಅದೇ ಕೋಣೆಯಲ್ಲಿ ಗಂಡಹೆಂಡಿರ ಸಂಸಾರ. ಕಿಟಕಿ ತೆಗೆದರೆ ಜೌಗು.

ಈಗ ವಿಷಯಕ್ಕೆ ಬರುತ್ತೇನೆ. ಮನೆಯ ಹಿಂದಿನ ಜೌಗು ಮಾವನ ಹೆಸರಿನಲ್ಲೇ ಇತ್ತು. ಒಂದು ದಿನ ಅವರು ಚಹಾ ಕುಡಿಯುತ್ತ, ಲೋಟ ಕೆಳಗಿಡದೆ, ಆ ಜೌಗಿಗೆ ಕೆಡವಿದ ಕಟ್ಟಡಗಳ ಇಟ್ಟಿಗೆ ಚೂರು ತುಂಬಿಸುತ್ತೇನೆ, ಸಿಮೆಂಟ್ ವ್ಯಾಪಾರಿಗೆ ಗೋದಾಮು ಕಟ್ಟಿಕೊಡುತ್ತೇನೆ ಎಂದರು. ಗೋದಾಮಿಗೆ ಲಾರಿ ಹೋಗಬೇಕು. ಲಾರಿಗೆ ದಾರಿ ಬೇಕು. ದಾರಿಗೆ ಹಿಂದಿನ ಕೋಣೆ ಅಡ್ಡ. ಕೋಣೆ ಕೆಡವಿದರೆ ಆಯಿತು. ಮಗಳು ನಡುಮನೆಯಲ್ಲಿ ಮಲಗಲಿ, ಅಳಿಯ ತನ್ನ ಅಂಗಡಿಯ ಬೆಂಚಿನ ಮೇಲೆ ಮಲಗಲಿ. ಮದುವೆಯಾದವರನ್ನು ಹೀಗೆ ಎರಡು ಕಡೆ ಇಳಿಸುವುದು ಅವರಿಗೆ ತಪ್ಪೆನಿಸಲಿಲ್ಲ. ಲಾರಿಯಿಂದ ಸರಕು ಇಳಿಸುವಾಗಲೂ ಹಾಗೇ ಅಲ್ಲವೇ ಮಾಡುವುದು.

ಅಳಿಯ ಕುಂಚ ತೊಳೆಯುವ ಡಬ್ಬ ಹಿಡಿದು ಹಿತ್ತಿಲಿಗೆ ಹೋದ. ದಿನಾ ಬೆಳಿಗ್ಗೆ ಅವನು ಅಲ್ಲೇ ಒಂದು ಕಲ್ಲಿನ ಮೇಲೆ ಕೂರುವುದು. ಕಾರಣ ಒಂದು ಹೂವು. ಬೆರಳುದ್ದದ ಕಡ್ಡಿಯ ತುದಿಯಲ್ಲಿ ಉಗುರಿನಷ್ಟು ಬಿಳಿ ಹೂವು. ರೆಕ್ಕೆ ಅರ್ಧ ಬಿಚ್ಚಿ, ಹಾರಲೋ ಬೇಡವೋ ಎಂದು ಕೂತ ಹಾಗೆ. ಅದರ ಸುತ್ತ ಕೆಂಪು ಕೂದಲಿನ ಪುಟ್ಟ ಗಿಡಗಳು. ಒಂದೊಂದು ಕೂದಲ ತುದಿಯಲ್ಲೂ ಒಂದೊಂದು ಹನಿ, ಬಿಸಿಲೇರಿದರೂ ಆರುವುದಿಲ್ಲ. ಸೊಳ್ಳೆ ಬಂದು ಕೂತರೆ ಆ ಗಿಡ ನಿಧಾನಕ್ಕೆ ಮಡಚಿಕೊಳ್ಳುತ್ತದೆ, ಮುದುಕರು ಶಾಲು ಹೊದ್ದುಕೊಳ್ಳುವ ಹಾಗೆ. ಸೊಳ್ಳೆ ಆಮೇಲೆ ಕಾಣುವುದಿಲ್ಲ.

ಆ ಹೂವಿಗೆ ಒಂದು ವಾಸನೆ ಇದೆ. ಏನೆಂದು ಹೇಳಲಿ, ಒಗೆದು ಮಡಿಸಿಟ್ಟ ಮಗುವಿನ ಅಂಗಿ ಇದೆಯಲ್ಲ, ಅದಕ್ಕೆ ಹತ್ತಿರ. ಅದು ಮೂಗಿಗೆ ಬಿತ್ತೋ, ಮನುಷ್ಯನಿಗೆ ಸಿಟ್ಟು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಮುಳ್ಳು ಚುಚ್ಚಿದ ಟ್ಯೂಬಿನ ಹಾಗೆ ಸುಯ್ಯೆಂದು ಇಳಿದುಹೋಗುತ್ತದೆ. ನಗಬೇಡಿ. ಇನ್ನು ಸ್ವಲ್ಪ ಹೊತ್ತಿಗೆ ನಿಮಗೇ ಗೊತ್ತಾಗುತ್ತದೆ.

ಆ ವಾರ ಅಳಿಯ ನಮ್ಮ ಬೀದಿಯ ಲಾಂಡ್ರಿಯವನಿಗೆ ಹೊಸ ಬೋರ್ಡ್ ಬರೆದ. ಅಕ್ಷರ ಸರಿಯಾಗಿತ್ತು, ಅದೇ ಆಶ್ಚರ್ಯ. ಮೂಲೆಯಲ್ಲಿ ಜಾಗ ಉಳಿದಿತ್ತೆಂದು ಈ ಹೂವನ್ನು ಎಲೆಕೋಸಿನಷ್ಟು ದಪ್ಪಕ್ಕೆ ಬಿಡಿಸಿಟ್ಟ. ಇಸ್ತ್ರಿ ಅಂಗಡಿಗೆ ಹೂವು ಯಾಕೆ ಎಂದು ಲಾಂಡ್ರಿಯವನು ಕೇಳಿದ್ದಕ್ಕೆ, ಸುಮ್ಮನೆ ಇರಲಿ ಎಂದನಂತೆ. ಮಾರನೆಯ ದಿನ ಬಟ್ಟೆ ಗಂಟು ಹಿಡಿದು ಅಲ್ಲಿಗೆ ಬಂದ ಒಬ್ಬ ಹೆಂಗಸು ಬೋರ್ಡ್ ನೋಡಿ ಗಂಟನ್ನು ರಸ್ತೆಯಲ್ಲೇ ಬಿಟ್ಟು ನಿಂತುಬಿಟ್ಟಳು. ಅವರು ಸಸ್ಯ ಇಲಾಖೆಯ ಮೇಡಂ. ಈ ಹೂವು ಎಲ್ಲಾದರೂ ಉಳಿದಿದೆಯೇ ಎಂದು ವರ್ಷಗಟ್ಟಲೆ ಕೆಸರಿನಲ್ಲಿ ಅಲೆದವರು. ಅದೂ ಎಲೆಕೋಸಿನ ಗಾತ್ರದಲ್ಲಿ ಇದೆ ಎಂದರೆ ಅವರ ಸ್ಥಿತಿ ಯೋಚನೆ ಮಾಡಿ.

ಅಳಿಯ ಅವರನ್ನು ಹಿತ್ತಿಲಿಗೆ ಕರೆದುಕೊಂಡು ಬಂದ. ಎಲೆಕೋಸು ಎಲ್ಲಿ ಎಂದು ಅವರು ಸುತ್ತ ನೋಡಿದರು. ಅವನು ಕೆಳಗೆ ಕೈ ತೋರಿಸಿದ. ಮೇಡಂ ಒಳ್ಳೆ ಬಟ್ಟೆಯಲ್ಲೇ ಕೆಸರಿನಲ್ಲಿ ಬೋರಲು ಮಲಗಿ, ಭೂತಕನ್ನಡಿ ಹಿಡಿದು, ಕಳೆದುಹೋದ ಮಗು ಸಿಕ್ಕಿದವರ ಹಾಗೆ ಹೂವನ್ನು ಮಾತಾಡಿಸಿದರು. ಎಲ್ಲಿಗೆ ಹೋಗಿದ್ದೆ, ಯಾರ ಜೊತೆ ಇದ್ದೀಯ, ಊಟ ಸರಿಯಾಗಿ ಸಿಗುತ್ತಿದೆಯಾ ಎಂದೆಲ್ಲ. ಇದು ಕಾಡು ಆರ್ಕಿಡ್ ಎಂದರು. ಪಕ್ಕದ ಕೆಂಪು ಗಿಡಗಳಿಗೂ ಹೆಸರು ಹೇಳಿದರು. ಒಂದೊಂದು ಹೆಸರೂ ಗಿಡಕ್ಕಿಂತ ಉದ್ದ, ನನಗೆ ಅರ್ಧ ದಾರಿಯಲ್ಲೇ ಕೈ ಬಿಟ್ಟುಹೋಯಿತು. ಕೊನೆಗೆ, ಹುಲ್ಲಿನಿಂದ ಮುಖ ಎತ್ತದೆಯೇ, ಇಲ್ಲಿಗೊಂದು ಇಲಾಖೆಯ ಬೋರ್ಡ್ ಬೇಕು, ಬರೆದುಕೋ ಎಂದರು. ‘ಇದು ಅಳಿವಿನಂಚಿನಲ್ಲಿರುವ ಸಸ್ಯಗಳ ಪ್ರದೇಶ. ಅಪ್ಪಣೆಯಿಲ್ಲದೆ ಯಾರೂ ಕಾಲಿಡಬಾರದು.’ ಇಷ್ಟು ಹೇಳಿ, ಹೂವು ಬೀಜ ಕಟ್ಟುವ ಹೊತ್ತಿಗೆ ಬರುತ್ತೇನೆ ಎಂದು ಇನ್ನೊಂದು ಜೌಗಿಗೆ ಹೊರಟುಹೋದರು.

ಕೆಸರಿಗೆ ಬಾಯಿ ಇಟ್ಟು ಹೇಳಿದ ಮಾತು. ಅದು ಪಾಚಿಯೊಳಗೆ ಇಳಿದು, ಹುಲ್ಲಿನ ನಡುವೆ ಸುತ್ತಿ, ನಮ್ಮ ಅಳಿಯನ ಕಿವಿಗೆ ಬರುವಷ್ಟರಲ್ಲಿ ಸ್ವಲ್ಪ ನೆನೆದಿತ್ತು. ಅವನು ಮಧ್ಯಾಹ್ನವೆಲ್ಲ ಅಂಗಡಿ ಬಾಗಿಲು ಮುಚ್ಚಿಕೊಂಡು ಬರೆದ. ಸಂಜೆ ಹೊರಗೆ ತಂದಾಗ ಮುಖದಲ್ಲಿ ಎಂದೂ ಇಲ್ಲದ ಗಾಂಭೀರ್ಯ. ಹಸಿರು ತಗಡಿನ ಮೇಲೆ ಬಿಳಿ ಅಕ್ಷರ. ಒಂದೇ ಒಂದು ಪದಕ್ಕೆ ಚಿನ್ನದ ಬಣ್ಣ. ‘ಇದು ಅಳಿಯನಂಚಿನಲ್ಲಿರುವ ಸಸ್ಯಗಳ ಪ್ರದೇಶ. ಅಪ್ಪಣೆಯಿಲ್ಲದೆ ಯಾರೂ ಕಾಲಿಡಬಾರದು.’ ಕೆಳಗೆ ಸಸ್ಯ ಇಲಾಖೆ. ಜೌಗಿನೊಳಗೆ ಹೂವಿನ ಪಕ್ಕ ಪಾಚಿಯಲ್ಲಿ ಕಂಬ ಚುಚ್ಚಿ ನಿಲ್ಲಿಸಿ, ಕೈಕಟ್ಟಿ ನಿಂತು ನೋಡಿದ. ಸರ್ಕಾರ ತನ್ನನ್ನು ಇಷ್ಟು ಬೇಗ ಗುರುತಿಸುತ್ತದೆ ಎಂದು ಅವನು ಎಣಿಸಿರಲಿಲ್ಲ.

ಬೆಳಿಗ್ಗೆ ಮಂಜು ಸರಿದಾಗ ಮಾವ ಹಿತ್ತಿಲಿಗೆ ಬಂದು ಬೋರ್ಡ್ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಆಮೇಲೆ ಗೋಡೆಯ ಮೇಲಿಂದ ನನ್ನನ್ನು ಕರೆದು, ಸೈಕಲ್ಲೂ, ಇದನ್ನು ನೀನು ಓದು, ನಾನು ಓದಿದ್ದು ತಪ್ಪಿರಬೇಕು ಎಂದರು. ನಾನು ಶಾಲೆಗೆ ಹೋದದ್ದಕ್ಕಿಂತ ಶಾಲೆ ಮುಂದೆ ಪಂಕ್ಚರ್ ಹಾಕಿದ್ದು ಹೆಚ್ಚು. ಆದರೂ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದೆ. ನನ್ನ ದನಿ ಕೇಳಿ ಲಾಂಡ್ರಿಯವನು ಬಂದ, ಅವನ ಹಿಂದೆ ಇಡೀ ಬೀದಿ.

ಅಂಚು ಎಂದರೆ ಗಡಿ. ಅಳಿಯನಂಚು ಎಂದರೆ ಅಳಿಯನ ಗಡಿ. ಇಲ್ಲಿಂದ ಆಚೆಗೆ ಅಳಿಯನದು. ಇದರಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಅದು ಸರ್ಕಾರದ ಹಸಿರು ತಗಡು, ಚಿನ್ನದ ಅಕ್ಷರ ಬೇರೆ. ಲಾಂಡ್ರಿಯವನು ಇನ್ನೂ ಬಿಡಿಸಿ ಹೇಳಿದ. “ಅಂಚು ಯಾರ ಕೈಲಿದ್ಯೋ ಬಟ್ಟೆ ಅವರ ಕೈಲಿದ್ದ ಹಾಗೇ, ಮಾವ. ನಾನು ದಿನಾ ನೋಡ್ತೀನಲ್ಲ.”

ಮಾವ ಅಳಿಯನನ್ನು ಕರೆಸಿದರು. ಅವರಿಗೆ ಸಿಟ್ಟು ಬಂದರೆ ಬಹುವಚನ ಬರುತ್ತದೆ.

“ಏನ್ರೀ ಅಳಿಯಂದ್ರೇ, ಸರ್ಕಾರದವ್ರು ನಿಮಗೆ ಜಹಗೀರು ಬರ್ಕೊಟ್ಟಿದ್ದಾರಂತೆ?”

“ಮೇಡಂ ಹೇಳಿದ್ರು ಮಾವ, ನಾನು ಬರೆದೆ.”

“ಅಳಿಯ ಅಂತಾನೇ ಹೇಳಿದ್ರಾ?”

“ನಾನೇ ಕೇಳಿಸ್ಕೊಂಡೆ ಮಾವ. ಹೂವು ಹುಡುಕಿದ್ದು ನಾನಲ್ವಾ, ಅದಕ್ಕಿರಬೇಕು.”

ಮಾವ ಅವನನ್ನು ಮತ್ತೊಮ್ಮೆ ತಲೆಯಿಂದ ಕಾಲಿನವರೆಗೆ ತೂಗಿದರು. ಮದುವೆಯ ದಿನ ಇದ್ದ ತೂಕವೇ ಇತ್ತು. ಆದರೆ ಈಗ ಅವನ ಹಿಂದೆ ಒಂದು ಇಲಾಖೆ ನಿಂತಿತ್ತಲ್ಲ, ಅದನ್ನು ತೂಗುವ ಕಟ್ಟೆ ಅವರ ಬಳಿ ಇರಲಿಲ್ಲ.

ಸುದ್ದಿ ಹರಡಲು ಬಹಳ ಹೊತ್ತು ಬೇಕಾಗಲಿಲ್ಲ. ಸರ್ಕಾರ ಅಳಿಯಂದಿರಿಗೆ ಅಂಚು ಹಂಚುತ್ತಿದೆ ಎಂದು ಪಕ್ಕದ ಬೀದಿಯ ಅಳಿಯಂದಿರೆಲ್ಲ ನಮ್ಮ ಹಿತ್ತಿಲಿಗೆ ಬಂದರು. ಬಂದವರು ಬೋರ್ಡಿನ ಮುಂದೆ ಚಪ್ಪಲಿ ಬಿಚ್ಚಿ ನಿಂತು ಓದಿದರು. ಒಬ್ಬನಂತೂ ತನ್ನ ಮಾವನನ್ನೇ ಕೈ ಹಿಡಿದು ಕರೆತಂದು, ನೋಡಿ, ಸರಿಯಾಗಿ ಓದಿ, ನಮ್ಮ ಮನೆಯ ಮಹಡಿಯ ಅಂಚು ಯಾವಾಗ ಕೊಡುತ್ತೀರಿ ಎಂದು ಕೇಳಿದ. ಆ ಮಾವ ನಮ್ಮ ಮಾವನ ಕಡೆ ನೋಡಿ, ನಿಮ್ಮಿಂದ ನಮಗೆಲ್ಲ ಈ ಗತಿ ಬಂತು ಎಂದು ನಿಟ್ಟುಸಿರು ಬಿಟ್ಟರು. ಸೊಸೆಯಂದಿರಿಗೂ ಅಂಚಿದೆಯಾ ಎಂದು ಯಾರೋ ಕೇಳಿದಾಗ ಮಾತ್ರ ಅಳಿಯಂದಿರು ಒಬ್ಬೊಬ್ಬರಾಗಿ ಕೆಲಸದ ನೆನಪಾಗಿ ಹೊರಟರು.

ಅಷ್ಟರಲ್ಲಿ ಇಟ್ಟಿಗೆ ಚೂರಿನ ಲಾರಿ ಬಂತು. ಕೋಣೆ ಕೆಡವುವ ಮೊದಲು ಲಾರಿಯನ್ನು ಬೀದಿಯಲ್ಲೇ ನಿಲ್ಲಿಸಿ ಪಕ್ಕದ ಸಂದಿಯಿಂದಲೇ ಒಂದು ಲೋಡು ಸುರಿಸಿ ನೋಡೋಣ ಎಂದು ಮಾವ ಹೇಳಿ ಕಳಿಸಿದ್ದರು. ಡ್ರೈವರು ಇಳಿದು ಬಂದ, ಬೋರ್ಡ್ ಓದಿದ, ತಲೆ ಕೆರೆದುಕೊಂಡ. ಅಳಿಯನ ಅಪ್ಪಣೆ ಆಗಿದೆಯಾ ಎಂದು ಕೇಳಿದ. ಜಾಗ ನನ್ನದು, ಲೋಡು ನನ್ನದು, ಸುರಿ ಎಂದರು ಮಾವ.

“ಯಜಮಾನ್ರೇ, ನಾನೂ ಒಂದು ಮನೆ ಅಳಿಯ,” ಎಂದ ಡ್ರೈವರು. “ಈ ಲೋಡು ಸುರಿದು ನಾನು ಮನೆಗೆ ಹೋಗಿ ಯಾವ ಮುಖದಲ್ಲಿ ಊಟಕ್ಕೆ ಕೂರ್ಲಿ?”

ಲಾರಿ ಬಂದ ಹಾಗೇ ಹಿಂದಕ್ಕೆ ಹೋಯಿತು.

ಮಾವ ಸುಮ್ಮನಾಗುವವರಲ್ಲ. ಅಂಚು ನಿಜವಾಗಿ ಎಲ್ಲಿದೆ ಎಂದು ಅಳೆಸಲು ಸರ್ವೇಯರನ್ನು ಕರೆಸಿದರು. ಸರ್ವೇಯರು ಬೆಳಿಗ್ಗೆ ಬಂದು ಮನೆಯ ಗೋಡೆಯಿಂದ ಬೋರ್ಡಿನವರೆಗೆ ಟೇಪು ಹಿಡಿದರು. ಮಧ್ಯಾಹ್ನ ಸರಿ ನೋಡಲು ಮತ್ತೆ ಹಿಡಿದರೆ ಲೆಕ್ಕ ಬೇರೆ ಬಂತು. ಸಂಜೆ ಇನ್ನೂ ಬೇರೆ. ಟೇಪನ್ನು ಎಳೆದು ನೋಡಿದರು, ಕೊಡವಿ ನೋಡಿದರು, ಅದರಲ್ಲಿ ದೋಷವಿಲ್ಲ. ಬೋರ್ಡ್ ಮಾತ್ರ ಪ್ರತಿ ಸಲ ಮನೆಗೆ ಹತ್ತಿರ.

ಇದು ನನ್ನ ಗಾಳಿ ಮಾತಲ್ಲ, ಇದಕ್ಕೆ ಕಾರಣವನ್ನು ಆಮೇಲೆ ಮೇಡಂ ಹೇಳಿದರು. ಆ ಹೂವು ಬೆಳೆದ ಜಾಗ ನೆಲವೇ ಅಲ್ಲ. ಬೇರು, ಪಾಚಿ ಎಲ್ಲ ಹೆಣೆದುಕೊಂಡು ಚಾಪೆಯ ಹಾಗೆ ನೀರಿನ ಮೇಲೆ ತೇಲುತ್ತಿತ್ತು. ಬೋರ್ಡ್ ಗಾಳಿ ಹಿಡಿದು ಹಾಯಿಯ ಕೆಲಸ ಮಾಡುತ್ತಿತ್ತು. ಹೂವು, ಕೆಂಪು ಗಿಡ, ಕಪ್ಪೆಗಳು, ಸರ್ಕಾರದ ತಗಡು, ಎಲ್ಲವೂ ಸೇರಿ ಮೆಲ್ಲಗೆ ಮನೆಯ ಕಡೆ ಬರುತ್ತಿದ್ದವು. ಆಗ ನಮಗೇನು ಗೊತ್ತು.

ಸರ್ವೇಯರು ಕಲ್ಲಿನ ಮೇಲೆ ಕೂತರು. ಸಂಜೆಯ ಹೊತ್ತು, ಗಾಳಿ ಈ ಕಡೆ ಬೀಸುತ್ತಿತ್ತು, ಹೂವಿನ ವಾಸನೆ ಅವರಿಗೆ ತಾಗಿತು. ಮುಖದ ಗಂಟು ಸಡಿಲವಾಯಿತು. ತಾನು ಚಿಕ್ಕಂದಿನಲ್ಲಿ ದೋಣಿ ನಡೆಸಬೇಕೆಂದಿದ್ದೆ, ಮನೆಯವರು ಟೇಪು ಕೊಡಿಸಿದರು ಎಂದು ಯಾರೂ ಕೇಳದೆಯೇ ಹೇಳಿದರು. ಅಂಚು ಎಲ್ಲಿದೆ ಹೇಳಿ ಎಂದು ಮಾವ ಒತ್ತಾಯ ಮಾಡಿದಾಗ ಕಣ್ಣು ತೆರೆಯದೆಯೇ ಉತ್ತರ ಕೊಟ್ಟರು. “ಅಂಚು ಅಂದ್ಮೇಲೆ ಒಂದು ಕಡೆ ನಿಲ್ಬೇಕು ಯಜಮಾನ್ರೇ. ಇದು ವಾಕಿಂಗ್ ಹೋಗುತ್ತೆ.”

ಅಳಿಯನೇ ಯಾರೂ ನೋಡದಾಗ ಬೋರ್ಡ್ ಕಿತ್ತು ಮುಂದೆ ಮುಂದೆ ನೆಡುತ್ತಿದ್ದಾನೆ ಎಂದು ಮಾವನಿಗೆ ಖಾತ್ರಿಯಾಯಿತು. ಇವತ್ತು ಹಿತ್ತಿಲು, ನಾಳೆ ನಡುಮನೆ, ನಾಡಿದ್ದು ನನ್ನ ಮಂಚ ಎಂದರು. ಅಂಚು ಇರುವವರು ಅಂಚಿನಲ್ಲೇ ಇರಲಿ, ಈ ಮನೆಯ ಕೋಣೆ ಬಿಡಲಿ ಎಂದು ಆಜ್ಞೆ ಮಾಡಿದರು. ಕೋಣೆಗೆ ಬೀಗ ಬಿತ್ತು.

ಬೀಗ ಬೀಳುವ ಮೊದಲೇ ಅಳಿಯ ತನ್ನ ತಗಡು, ಚಾಪೆ, ದಿಂಬು ಹೊರಗಿಟ್ಟಿದ್ದ. ವಾಪಸು ಬಂದ ತಗಡುಗಳನ್ನು ಹೊತ್ತು ತಂದು ಪಾಚಿಯ ಮೇಲೆ ಹೂವಿಗೆ ತಾಗದ ಹಾಗೆ ಹಾಸಿದ. ‘ಹಲ್ಲಿಯ ಆಸ್ಪತ್ರೆ’ಯ ಮೇಲೆ ಚಾಪೆ ಬಿಡಿಸಿದ. ‘ಮನೆ ಬಡಿಗೆಗೆ ಇದೆ’ ಎನ್ನುವುದು ದಿಂಬಿನ ಕಡೆ ಬಂತು. ಮಾವ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದರು. ಆಸ್ಪತ್ರೆಯಿಂದ ಮಗಳು ಬಂದಳು. ಬೀಗ ನೋಡಿದಳು, ಗಂಡನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಒಳಗೆ ಹೋಗಿ ತನ್ನ ದಿಂಬು ತಂದಳು.

“ನೀನೆಲ್ಲಿಗಮ್ಮ?” ಎಂದರು ಮಾವ.

“ನನ್ನ ಮನೆಗೆ,” ಎಂದಳು ಚೀಟಿ ಕಿಟಕಿಯ ದನಿಯಲ್ಲೇ. “ಮುಂದಿನವರು ಬನ್ನಿ ಅಪ್ಪ, ನಿಮಗೇನಾಗಬೇಕು?”

ಮಾವನಿಗೆ ಏನಾಗಬೇಕೋ ಅವರಿಗೇ ಗೊತ್ತಿರಲಿಲ್ಲ. ಮಗಳು ಪಾಚಿಯ ಮೇಲೆ ಹೆಜ್ಜೆಯಿಟ್ಟಾಗ ಇಡೀ ಜೌಗು ಉಸಿರೆಳೆದ ಹಾಗೆ ಒಮ್ಮೆ ಮೇಲೆದ್ದು ಇಳಿಯಿತು. ಅವಳು ನಕ್ಕದ್ದು ನಮಗೆಲ್ಲ ಕೇಳಿಸಿತು. ಆ ಮನೆಯಲ್ಲಿ ಆ ನಗು ಕೇಳಿ ಬಹಳ ದಿನ ಆಗಿತ್ತು.

ಬೆಳಗಾಯಿತು. ಅಂಥ ಮಂಜನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಹಾಲಿನೊಳಗೆ ಬೀದಿಯನ್ನು ಅದ್ದಿದ ಹಾಗೆ. ಮಾವ ರಾತ್ರಿಯಿಡೀ ಕುರ್ಚಿಯಲ್ಲೇ ತೂಕಡಿಸಿ, ಎದ್ದು, ಅಡ್ಡವಿದ್ದ ಕುರ್ಚಿಯನ್ನು ಕೈಯಲ್ಲಿ ಎತ್ತಿಕೊಂಡು ಹಿತ್ತಿಲ ಬಾಗಿಲು ತೆಗೆದರೆ, ಎದುರಿಗೇ ಬೋರ್ಡ್. ಮೂಗಿಗೆ ತಾಗುವಷ್ಟು ಹತ್ತಿರ. ತೇಲುವ ಚಾಪೆ ಬಂದು ಮನೆಯ ಮೆಟ್ಟಿಲಿಗೆ ಒರಗಿ ನಿಂತಿತ್ತು. ಆಚೆ ತುದಿಯಲ್ಲಿ ಮಗಳು ಅಳಿಯ ನಿದ್ದೆ ಮಾಡುತ್ತಿದ್ದರು, ಅವರ ಸುತ್ತ ಕೆಂಪು ಗಿಡಗಳು ಕಾವಲು ನಿಂತಿದ್ದವು.

ಮನೆಯೊಳಗೇ ಬಂದುಬಿಟ್ರಾ ಎಂದು ಕೂಗಿ ಮಾವ ಬೋರ್ಡ್ ಕೀಳಲು ಮುಂದೆ ಹೆಜ್ಜೆಯಿಟ್ಟರು. ಕೈಯಲ್ಲಿದ್ದ ಕುರ್ಚಿ ಬಿಡಬೇಕೆಂದು ತೋಚಲಿಲ್ಲ, ಅದರ ಸಮೇತವೇ ಹತ್ತಿದರು. ಹತ್ತುವಾಗ ಮೆಟ್ಟಿಲನ್ನು ಕಾಲಿನಿಂದ ಒತ್ತಿದ್ದೇ ನೆಪ, ಚಾಪೆ ಮೆಟ್ಟಿಲು ಬಿಟ್ಟು ಹಿಂದಕ್ಕೆ ಸರಿಯಿತು. ನಾನು ಗೋಡೆಯ ಈ ಕಡೆ ಹಲ್ಲುಜ್ಜುತ್ತಿದ್ದೆ. ಮಾವ ಕುರ್ಚಿ ಹಿಡಿದುಕೊಂಡು ನಿಂತ ನಿಲುವಿನಲ್ಲೇ ಮಂಜಿನೊಳಗೆ ಹಿಂದೆ ಹಿಂದೆ ಹೋಗುವುದನ್ನು ಕಣ್ಣಾರೆ ಕಂಡೆ. ಮೊದಲು ಕಾಲು ಕಾಣದಾಯಿತು, ಆಮೇಲೆ ಕುರ್ಚಿ, ಕೊನೆಗೆ ಕನ್ನಡಕ. ಸೈಕಲ್ಲೂ ಎಂದು ಒಮ್ಮೆ ಕರೆದದ್ದು ಕೇಳಿಸಿತು. ನನ್ನ ಬಾಯಿಯಲ್ಲಿ ಬ್ರಷ್ ಇದ್ದದ್ದರಿಂದ ಉತ್ತರ ಕೊಡಲು ಆಗಲಿಲ್ಲ.

ಅಲ್ಲಿ ಏನಾಯಿತು ಎಂಬುದನ್ನು ಮಾವನೇ ನನಗೆ ಹೇಳಿದ್ದು. ಮುಳುಗುತ್ತೇನೆ ಎಂದು ಅವರು ಕಣ್ಣು ಮುಚ್ಚಿ ಕಾದರಂತೆ. ಮುಳುಗಲಿಲ್ಲ. ಕುರ್ಚಿ ಇಟ್ಟು ಕೂತರು; ಆಗಲೂ ಮುಳುಗಲಿಲ್ಲ. ಜೀವಮಾನವೆಲ್ಲ ಲಾರಿ ತೂಗಿದ ಮನುಷ್ಯ, ಇಷ್ಟು ತೆಳ್ಳಗಿನ ಪಾಚಿ ಮೂರು ಜನರನ್ನು, ಒಂದು ಕುರ್ಚಿಯನ್ನು, ಇಷ್ಟೊಂದು ತಗಡನ್ನು ಹೊತ್ತು ನಿಂತಿದೆ ಎಂದರೆ ಅವರ ಲೆಕ್ಕವೇ ಅಡಿಮೇಲಾಯಿತು. ಬಗ್ಗಿ ನೋಡಿದರು. ಮೊಣಕಾಲಿನ ಪಕ್ಕದಲ್ಲೇ ಆ ಹೂವು. ಅದನ್ನು ಕಣ್ಣಲ್ಲಿ ತೂಗಲು ನೋಡಿದರು. ಅದಕ್ಕೆ ತೂಕವೇ ಸಿಗಲಿಲ್ಲವಂತೆ. ಅಷ್ಟರಲ್ಲಿ ಒಂದು ಸೊಳ್ಳೆ ಅವರ ಕೈ ಬಿಟ್ಟು ಹಾರಿ ಕೆಂಪು ಗಿಡದ ಮೇಲೆ ಕೂತಿತು. ಗಿಡ ಶಾಲು ಹೊದ್ದುಕೊಂಡಿತು. ಮಾವ ಅದನ್ನೇ ನೋಡುತ್ತ ಕೂತರು. ಎಷ್ಟು ಹೊತ್ತು ಕೂತರೋ ಅವರಿಗೂ ಗೊತ್ತಿಲ್ಲ. ಮಂಜು ಮುಖ ತೊಳೆಸುತ್ತಿತ್ತು. ವಾಸನೆ ಬರುತ್ತಿತ್ತು. ಮಗಳು ಎದ್ದು, ಕುರ್ಚಿಯ ಮೇಲಿದ್ದ ಅಪ್ಪನನ್ನು ನೋಡಿ ಆಶ್ಚರ್ಯವನ್ನೇನೂ ಪಡದೆ, ಚಳಿಯಾಗುತ್ತದೆ ಎಂದು ತನ್ನ ಹೊದಿಕೆಯನ್ನು ಅವರ ಹೆಗಲಿಗೆ ಹಾಕಿದಳಂತೆ. ಇವಳು ಹುಟ್ಟಿದ ದಿನ ಆಸ್ಪತ್ರೆಯ ತಕ್ಕಡಿಯಲ್ಲಿಟ್ಟದ್ದು ನೆನಪಾಯಿತು, ತೂಕ ಎಷ್ಟಿತ್ತೆಂದು ಮಾತ್ರ ನೆನಪಾಗಲಿಲ್ಲ ಎಂದು ಮಾವ ನನ್ನ ಹತ್ತಿರ ಹೇಳಿದರು. ಹೇಳುವಾಗ ಗೋಡೆಯ ಕಡೆ ತಿರುಗಿಕೊಂಡಿದ್ದರು.

ಮಂಜು ಸರಿಯುವ ಹೊತ್ತಿಗೆ ಗಾಳಿ ತಿರುಗಿ ಚಾಪೆ ಮತ್ತೆ ಮೆಟ್ಟಿಲಿಗೆ ಬಂತು. ಮೆಟ್ಟಿಲ ಮೇಲೆ ಮೇಡಂ ನಿಂತಿದ್ದರು. ಹೂವು ಬೀಜ ಕಟ್ಟಿದೆಯೇ ನೋಡಲು ಬಂದವರು ಮೊದಲು ಬೋರ್ಡ್ ನೋಡಿದರು. ಓದಿ, ನಗು ತಡೆಯಲಾಗದೆ ಮೆಟ್ಟಿಲ ಮೇಲೇ ಕೂತುಬಿಟ್ಟರು. ಅಳಿಯ ಅಲ್ಲ ಮಾರಾಯ, ಅಳಿವು, ಅಳಿವಿನಂಚು ಎಂದು ಬಿಡಿಸಿ ಬಿಡಿಸಿ ಹೇಳಿದರು.

ಬೀದಿಯೆಲ್ಲ ಗೋಡೆಯ ಮೇಲೆ ನಿಂತು ಕೇಳುತ್ತಿತ್ತು. ಅಳಿಯನ ಮುಖ ಸಪ್ಪಗಾಯಿತು. ಹಾಗಾದರೆ ಈ ಜಾಗ ಸರ್ಕಾರ ಯಾರಿಗೂ ಕೊಟ್ಟಿಲ್ಲವೇ ಎಂದು ಲಾಂಡ್ರಿಯವನು ಕೇಳಿದ. ಇಲ್ಲ, ಜಾಗ ಯಜಮಾನರದ್ದೇ ಎಂದರು ಮೇಡಂ. ಬೋರ್ಡ್ ಬರಿಯ ವಿನಂತಿ. ತುಂಬಿಸಬೇಡಿ ಎಂದು ಕೇಳಿಕೊಳ್ಳಬಹುದು, ಅವರು ತುಂಬಿಸುತ್ತೇನೆ ಎಂದರೆ ತಡೆಯುವ ಅಧಿಕಾರ ತಮಗಿಲ್ಲ. ಹೇಳುವಾಗ ಅವರ ನಗು ನಿಂತಿತ್ತು. ಅಕ್ಷರವನ್ನಾದರೂ ಸರಿ ಮಾಡಪ್ಪ ಎಂದರು.

ಅಳಿಯ ಒಳಗಿನಿಂದ ಬಣ್ಣದ ಡಬ್ಬ, ಕುಂಚ ತಂದ. ಚಿನ್ನದ ಬಣ್ಣದ ಮೇಲೆ ಹಸಿರು ಬಳಿಯಬೇಕು, ಅದರ ಮೇಲೆ ಸರಿಯಾದ ಪದ ಬರೆಯಬೇಕು. ಹಸಿರು ಬಳಿದರೆ ಅಂಚು ಹೋಯಿತು, ಅಂಚು ಹೋದರೆ ಲಾರಿ ಬಂತು, ಲಾರಿ ಬಂದರೆ ಕೋಣೆ ಹೋಯಿತು. ಎಲ್ಲ ಗೊತ್ತಿದ್ದೂ ಕುಂಚ ಅದ್ದಿದ, ಯಾಕೆಂದರೆ ತಪ್ಪು ಬರೆದವನು ಅವನೇ. ಮಗಳು ಕಿಟಕಿಯ ಹಿಂದೆ ಕೂತವಳ ಹಾಗೆ ಮುಖ ಮಾಡಿಕೊಂಡು ಬೇರೆ ಕಡೆ ನೋಡಿದಳು.

ಮಾವ ಹೊದಿಕೆ ಹೊದ್ದು ಕುರ್ಚಿಯಲ್ಲೇ ಕೂತಿದ್ದರು.

“ಅಳಿವು ಅಂದ್ರೇನಮ್ಮ?” ಎಂದು ಮೇಡಂನ ಕೇಳಿದರು.

“ಇನ್ಮೇಲೆ ಎಲ್ಲೂ ಇಲ್ದೇ ಹೋಗೋದು ಯಜಮಾನ್ರೇ. ಹುಡುಕಿದ್ರೂ ಸಿಗಲ್ಲ.”

“ಅಂದ್ರೆ ಇದು ಹೋದ್ರೆ ಹೋಯ್ತು.”

“ಹೋಯ್ತು.”

ಮಾವ ಹೂವನ್ನು ನೋಡಿದರು. ಮಗಳನ್ನು ನೋಡಿದರು. ಕುಂಚ ಹಿಡಿದು ನಿಂತ ಗೋಣಿಚೀಲವನ್ನು ನೋಡಿದರು. ಕುಂಚದ ತುದಿಯಿಂದ ಒಂದು ಹನಿ ಹಸಿರು ಅವರ ಪಾದದ ಮೇಲೆ ಬಿತ್ತು. ಒರೆಸಿಕೊಳ್ಳಲಿಲ್ಲ.

“ಅಳಿವಿಗಿಂತ ಅಳಿಯನೇ ವಾಸಿ,” ಎಂದರು. “ಬೋರ್ಡ್ ಮುಟ್ಬೇಡಿ.”

ಆಮೇಲೆ ಎದ್ದು ಒಳಗೆ ಹೋಗಿ ಕೋಣೆಯ ಬೀಗ ತೆಗೆದರು. ಸಿಮೆಂಟ್ ವ್ಯಾಪಾರಿ ಕೇಳಲು ಬಂದಾಗ, ಹಿಂದಿನ ಜಾಗಕ್ಕೆ ಅಳಿಯಂದಿರ ಅಪ್ಪಣೆ ಬೇಕು, ಅವರು ಹೂವಿನ ಹತ್ತಿರ ಇದ್ದಾರೆ, ಈಗ ಮಾತಾಡಿಸಬೇಡಿ ಎಂದು ಬಾಗಿಲಿನಿಂದಲೇ ಕಳಿಸಿದರು. ಅದರಲ್ಲೂ ಬಹುವಚನ ಇತ್ತು. ಆದರೆ ಸಿಟ್ಟಿನದ್ದೋ ಬೇರೆಯದೋ ನನಗೆ ಬಿಡಿಸಿ ಹೇಳಲು ಬರುವುದಿಲ್ಲ.

ಇಷ್ಟೇ ನಡೆದದ್ದು. ಮಂಜು ಇನ್ನೂ ಪೂರ್ತಿ ಸರಿದಿಲ್ಲ, ಅಷ್ಟರಲ್ಲಿ ನನ್ನದೊಂದು ತೊಂದರೆ ಹೇಳುತ್ತೇನೆ. ಆ ಚಾಪೆ ಈಗ ತೇಲುತ್ತ ತೇಲುತ್ತ ಅರ್ಧ ನನ್ನ ಹಿತ್ತಿಲಿಗೆ ಬಂದಿದೆ. ಸಿಮೆಂಟ್ ವ್ಯಾಪಾರಿ ನನ್ನ ಹತ್ತಿರವೂ ಬಂದು ಹೋದ. ನಾನೂ ಒಂದು ಹಸಿರು ಬೋರ್ಡ್ ಬರೆಸಿಟ್ಟಿದ್ದೇನೆ, ಅಗೋ ಬಾಗಿಲ ಹಿಂದೆ ಇದೆ, ಚಿನ್ನದ ಬಣ್ಣ ಒಣಗಿದೆ. ಆದರೆ ಮನೆಯಲ್ಲಿ ಅಳಿಯನೇ ಇಲ್ಲದೆ ಅಂಥ ಬೋರ್ಡ್ ನಿಲ್ಲಿಸಿದರೆ ಯಾರು ನಂಬುತ್ತಾರೆ? ನನಗೊಬ್ಬಳು ಮಗಳಿದ್ದಾಳೆ. ನನಗಿಂತ ಚೆನ್ನಾಗಿ ಚಕ್ರ ಬಿಗಿಯುತ್ತಾಳೆ. ಮಧ್ಯದಲ್ಲಿ ಎದ್ದು ಹೋಗದೆ ಅಪ್ಪನ ಕಥೆ ಪೂರ್ತಿ ಕೇಳುವವನು ಸಿಕ್ಕಿದರೆ ನೋಡೋಣ ಎಂದಿದ್ದಾಳೆ. ಇಷ್ಟು ಹೊತ್ತೂ ನಿಮ್ಮ ಹಿಂದಿನ ಕಿಟಕಿಯಲ್ಲೇ ಇದ್ದಳು. ನಿಮಗೆ ಮದುವೆ ಆಗಿಲ್ಲ ತಾನೇ? ಸರಿ, ಚಪ್ಪಲಿ ಬಿಚ್ಚಿ, ಪ್ಯಾಂಟು ಮೇಲಕ್ಕೆ ಮಡಚಿಕೊಂಡು ಬನ್ನಿ, ಸ್ವಲ್ಪ ಕೈ ಹಿಡಿಯಿರಿ. ಮೊದಲು ಬೋರ್ಡಿಗೆ, ಮಿಕ್ಕದ್ದು ಒಳಗೆ ಕೂತು ಮಾತಾಡೋಣ.